ಹುಣಸೆ ಬುಡದ ಅಣಬೆ: ಮರ ಕಡಿಸಬೇಕೇ?

ಮಧುಗಿರಿಯಿಂದ ಪ್ರಶ್ನೆ: ಅಜ್ಜ ನೆಟ್ಟ ಹುಣಸೆ ಮರದ ಬುಡದಲ್ಲಿ ಎರಡು ಮಳೆಗಾಲದಿಂದ ಕಂದು ಬಣ್ಣದ, ಬಿಳಿ ಅಂಚಿನ ಗಟ್ಟಿ ಅಣಬೆಗಳು ತಟ್ಟೆಯಂತೆ ಚಾಚಿಕೊಂಡಿವೆ. ಕೆಳಗಿನ ತರಗೆಲೆಗಳ ಮೇಲೆ ಕಾಫಿಪುಡಿಯಂತಹ ದೂಳು ಕೂರುತ್ತದೆ. ಮರ ಇನ್ನೂ ಚೆನ್ನಾಗಿ ಕಾಯಿ ಬಿಡುತ್ತಿದೆ. ಆದರೆ ಅದರಡಿಯಲ್ಲೇ ದನದ ಕೊಟ್ಟಿಗೆಯಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಶ್ರೀನಿವಾಸಪುರದಿಂದ: ನಮ್ಮ ತೋಪಿನ ಹಳೆಯ ಮಾವಿನ ಮರದಲ್ಲಿ ಇಂಥದೇ ಅಣಬೆ ಕಂಡಾಗ ಮಚ್ಚಿನಿಂದ ಕೆತ್ತಿ ತೆಗೆದು, ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ ಲೇಪ) ಬಳಿದು ನಿಶ್ಚಿಂತನಾಗಿದ್ದೆ, ಮುಂದಿನ ಮುಂಗಾರಿಗೆ ಅದೇ ಜಾಗದಲ್ಲಿ ಮೂರು ಮೂಡಿದವು. ಹೊರಗೆ ಕಾಣುವುದು ಶಿಲೀಂಧ್ರದ ಫಲ ಮಾತ್ರ, ಅದರ ಎಳೆಗಳು ಬಹಳ ಮೊದಲೇ ಮರದೊಳಗೆ ಹರಡಿರುತ್ತವೆ ಎಂಬುದು ಆಮೇಲೆ ಅರ್ಥವಾಯಿತು. ತಾವು ವರ್ಣಿಸಿರುವುದು ಗ್ಯಾನೊಡರ್ಮಾ ಎಂಬ, ಮರ ಕೊಳೆಸುವ ಶಿಲೀಂಧ್ರ ಇರಬೇಕು. ಆ ದೂಳು ಅದರ ಬೀಜಾಣು. ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಅನ್ನೂ ಅದು ಕರಗಿಸುವುದರಿಂದ ಒಳಭಾಗ ಬಿಳಿಚಿಕೊಂಡು, ನಾರುನಾರಾಗಿ ಮೆತ್ತಗಾಗುತ್ತದೆ. ಆದರೂ ನೀರು ಸಾಗಿಸುವ ಹೊರಪದರ ಉಳಿದಿರುವಷ್ಟು ಕಾಲ ಎಲೆಗೂ ಕಾಯಿಗೂ ಕೊರತೆಯಾಗದ ಕಾರಣ, ಫಸಲನ್ನು ನೋಡಿ ಮರದ ಬಲವನ್ನು ಅಳೆಯಬೇಡಿ. ಬುಡದ ಸುತ್ತ ಕೊಡತಿಯಿಂದ ಬಡಿಯುತ್ತಾ ಬನ್ನಿ. ಟೊಳ್ಳು ಸದ್ದು ಬಂದಲ್ಲೆಲ್ಲ ಸುಣ್ಣದ ಗುರುತು ಹಾಕಿ. ನನ್ನಂತೆ ಪೊಟರೆಗೆ ಸಿಮೆಂಟು ತುಂಬಿಸಬೇಡಿ: ಗಾಳಿಗೆ ಮರ ತೂಗುತ್ತದೆ, ಸಿಮೆಂಟು ತೂಗದು, ನಡುವಿನ ಬಿರುಕಿನಲ್ಲಿ ನೀರು ನಿಂತು ಕೊಳೆತ ಹೆಚ್ಚಿತು.

ತಿಪಟೂರಿನಿಂದ: ತೆಂಗಿನವರಾದ ನಮಗೆ ಇದು 'ಅಣಬೆ ರೋಗ'ವೆಂದೇ ಪರಿಚಿತ, ಬೇರಿನ ಮೂಲಕ ಪಕ್ಕದ ಮರಕ್ಕೂ ದಾಟುತ್ತದೆ. ರೋಗ ಬಂದ ತೆಂಗಿನ ಸುತ್ತ 1.5 ಮೀಟರ್ ದೂರದಲ್ಲಿ 1 ಮೀಟರ್ ಆಳದ ಕಂದಕ ತೋಡುವುದು ರೂಢಿ. ಹುಣಸೆಗೆ ಅಷ್ಟು ಹತ್ತಿರ ತೋಡಿದರೆ ಆಸರೆಯ ಬೇರುಗಳೇ ತುಂಡಾಗುತ್ತವೆ. ಹತ್ತಿರದಲ್ಲಿ ತೆಂಗಿದ್ದರೆ ಕಂದಕವನ್ನು ಅದರ ಕಡೆಗೆ ಸರಿಸಿಕೊಳ್ಳಿ.

ಮಧುಗಿರಿಯಿಂದ ಮತ್ತೆ: ಬಡಿದು ನೋಡಿದೆವು. ಕೊಟ್ಟಿಗೆಯ ಕಡೆಗೆ ಎರಡು ಮೊಳದಷ್ಟು ಅಗಲಕ್ಕೆ ಟೊಳ್ಳು ಸದ್ದು ಬಂತು, ಉಳಿದ ಕಡೆ ಗಟ್ಟಿಯಿದೆ. ದನಗಳನ್ನು ನಿನ್ನೆಯೇ ಬೇರೆಡೆ ಕಟ್ಟಿದ್ದೇವೆ. ಈ ಸಲ ಹುಣಸೆ ಬಡಿಯುವವರನ್ನು ಮರ ಹತ್ತಿಸುವುದಿಲ್ಲ. ಕಡಿಸುವ ಮುನ್ನ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ಸೋಮವಾರ ವಿಚಾರಿಸುತ್ತೇನೆ.