ಸಹಾಯ ಬೇಕು: ತೋಟದಲ್ಲಿ ಕಡಜದ ಗೂಡು, ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ 2 ಎಕರೆ ಅಡಿಕೆ ತೋಟ. ಮೊನ್ನೆ ಕಳೆ ಹೊಡೆಯುವ ಮಷಿನ್ ಹಿಡಿದು ಬೇಲಿ ಪಕ್ಕ ಹೋಗುತ್ತಿದ್ದೆ. ಲಂಟಾನ ಪೊದೆಯೊಳಗೆ ಕಡಜದ ಗೂಡಿತ್ತು, ಕಾಣಲೇ ಇಲ್ಲ. ಮಷಿನ್ ಸದ್ದಿಗೆ ಒಮ್ಮೆಲೇ ಎದ್ದವು. ನನಗೆ ನಾಲ್ಕು ಕಡೆ ಕಚ್ಚಿದವು. ಕೆಲಸಕ್ಕೆ ಬಂದಿದ್ದ ಅಣ್ಣನಿಗೆ ಎರಡೇ. ಆದರೆ ಹತ್ತು ನಿಮಿಷದೊಳಗೆ ಅವರ ಮೈಯೆಲ್ಲ ದದ್ದು ಎದ್ದು, ತುಟಿ ಊದಿ, ಉಸಿರು ಕಟ್ಟತೊಡಗಿತು. ಜೀಪಿನಲ್ಲಿ ಆಸ್ಪತ್ರೆ ಮುಟ್ಟಲು 40 ನಿಮಿಷ. ಅಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟ ಮೇಲೆ ಚೇತರಿಸಿಕೊಂಡರು. ಆ 40 ನಿಮಿಷ ನೆನೆದರೆ ಈಗಲೂ ಕೈ ನಡುಗುತ್ತದೆ.

ಜೇನು ಚುಚ್ಚಿದ ಕಡೆ ಮುಳ್ಳು ಬಿಟ್ಟು ಹೋಗುತ್ತದೆ, ಕಡಜ ಹಾಗಲ್ಲ. ಒಂದೇ ಹುಳ ಮತ್ತೆ ಮತ್ತೆ ಚುಚ್ಚುತ್ತದೆ. ನಾನು ಸೋಪು ನೀರಲ್ಲಿ ತೊಳೆದು ಐಸ್ ಇಟ್ಟೆ, ಮರುದಿನಕ್ಕೆ ಬಾವು ಇಳಿಯಿತು. ಅಣ್ಣನಿಗೆ ಮಾತ್ರ ಇನ್ನೊಮ್ಮೆ ಕಚ್ಚಿದರೆ ಇದಕ್ಕಿಂತ ಜೋರಾಗಬಹುದು ಅಂತ ಡಾಕ್ಟರ್ ಎಚ್ಚರಿಸಿದ್ದಾರೆ.

ಅದಕ್ಕೇ ಕೇಳುತ್ತಿದ್ದೇನೆ. ಡಾಕ್ಟರ್ ಚೀಟಿ ಬರೆಸಿ ಈ ಇಂಜೆಕ್ಷನ್ ಮನೆಯಲ್ಲೇ ಇಟ್ಟುಕೊಂಡವರು ಯಾರಾದರೂ ಇದ್ದೀರಾ? ಹಾಕುವುದನ್ನು ಎಲ್ಲಿ ಕಲಿತಿರಿ?

ಗೂಡು ಇನ್ನೂ ಅಲ್ಲೇ ಇದೆ. ಬೆಂಕಿ ಕೊಡಿ ಅನ್ನುತ್ತಾರೆ, ಆದರೆ ಪಕ್ಕದಲ್ಲೇ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಬೆಂಕಿ ಅಲ್ಲಿಗೆ ಹಬ್ಬೀತು ಅಂತ ಭಯ. ಕಡಜ ಬೆಳೆ ತಿನ್ನುವ ಹುಳಗಳನ್ನೂ ಹಿಡಿಯುತ್ತದೆ ಅಲ್ವಾ, ದೂರದಲ್ಲಿದ್ದರೆ ಸುಮ್ನೆ ಬಿಡುತ್ತಿದ್ದೆ. ಇದು ಓಡಾಡುವ ದಾರಿಯಲ್ಲೇ ಇದೆ. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗಾರರು ಬರುವ ಮೊದಲು ತೆಗೆಸಲೇಬೇಕು. ಮರದ ಮೇಲಿದ್ದಾಗ ಹುಳ ಎದ್ದರೆ ಅವರು ಓಡುವುದಾದರೂ ಎಲ್ಲಿಗೆ? ಗೂಡು ತೆಗೆಯಲು ಬಲ್ಲವರು ಸಾಗರದ ಕಡೆ ಇದ್ದರೆ ದಯವಿಟ್ಟು ತಿಳಿಸಿ.