ಹಳೇ ಏರ್ ಗನ್ನಿಗೆ ಕೊಬ್ಬರಿ ಎಣ್ಣೆ ಬಿಟ್ಟೆ, ಈಗ ಹೊಗೆ ಬರುತ್ತಿದೆ. ಯಾವ ಎಣ್ಣೆ ಸರಿ?

ಸರಸ್ವತಿಪುರಂ ಅಮ್ಮ

ಎಲ್ಲರಿಗೂ ನಮಸ್ಕಾರ. ಮಂಡ್ಯದ ನಮ್ಮ ಮನೆಯ ಅಟ್ಟದ ಮೇಲೆ ಅಪ್ಪನ ಏರ್ ಗನ್ ಒಂದಿತ್ತು. ನಳಿಗೆ ಮಡಿಸಿ ಪೆಲೆಟ್ (ಸೀಸದ ಪುಟ್ಟ ಗುಂಡು) ಹಾಕುವಂಥದ್ದು, 4.5 ಮಿಲಿಮೀಟರ್. ಒಳಗೆ ಸ್ಪ್ರಿಂಗ್. ಅಪ್ಪ ಹೋಗಿ ಆರು ವರ್ಷ ಆಯ್ತು, ಅಲ್ಲಿಂದ ಯಾರೂ ಮುಟ್ಟಿರಲಿಲ್ಲ. ಒಂಬತ್ತನೇ ಕ್ಲಾಸಿನ ಮಗಳಿಗೆ ಎನ್‌ಸಿಸಿ ಸೇರಿದ ಮೇಲೆ ಗುರಿ ಹೊಡೆಯುವ ಹುಚ್ಚು ಹತ್ತಿದೆ. "ತಾತನ ಗನ್ ತರೋಣ" ಎಂದು ಹಠ ಮಾಡಿದಳು. ಹೋದ ತಿಂಗಳು ಮೈಸೂರಿಗೆ ತಂದೆವು.

ಮೊದಲ ದಿನ ಗಾಳಿಯೇ ಇಲ್ಲ. ಹತ್ತು ಹೆಜ್ಜೆ ದೂರದ ರಟ್ಟಿಗೆ ಪೆಲೆಟ್ ತಾಗಿ ಕೆಳಗೆ ಬಿತ್ತು. ಅಪ್ಪ ಸೀಮೆಎಣ್ಣೆ ಸ್ಟೌವಿನ ಪಂಪ್ ವಾಷರಿಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದುದು ನೆನಪಿಗೆ ಬಂತು. ನಳಿಗೆ ಮಡಿಸಿದಾಗ ಹಿಂದೆ ಕಾಣುತ್ತದಲ್ಲ, ಆ ತೂತಿಗೆ ಅರ್ಧ ಚಮಚ ಬಿಟ್ಟೆ. ಆಮೇಲೆ ಹೊಡೆದರೆ ಪಟಾಕಿ ಸದ್ದು! ನೀಲಿ ಹೊಗೆ, ಸುಟ್ಟ ಕೊಬ್ಬರಿ ವಾಸನೆ. ಪೆಲೆಟ್ ಹಲಗೆಯಲ್ಲಿ ಹೂತುಹೋಯಿತು. ಮಗಳಿಗೆ ಖುಷಿ, ನನಗೆ ಭಯ. ಏಟುಗಳೂ ಒಂದು ಮೇಲೆ, ಒಂದು ಕೆಳಗೆ ಬೀಳುತ್ತಿವೆ.

ಅಂಗಡಿಯಲ್ಲಿ ಕೇಳಿದರೆ ಒಬ್ಬರು ಹೊಲಿಗೆ ಮಿಷನ್ ಎಣ್ಣೆ ಅಂತಾರೆ, ಇನ್ನೊಬ್ಬರು ತುಕ್ಕು ಬಿಡಿಸುವ ಸ್ಪ್ರೇ ಡಬ್ಲ್ಯುಡಿ-40 ಅಂತಾರೆ. ಯಾವುದು, ಎಷ್ಟು, ಎಲ್ಲಿಗೆ? ಗೊತ್ತಿದ್ದವರು ದಯವಿಟ್ಟು ಹೇಳಿ. ಅಪ್ಪನ ವಸ್ತು, ನನ್ನ ಕೈಯಲ್ಲಿ ಹಾಳಾಗಬಾರದು.

ಹತ್ತು ಮೀಟರ್

ಅಕ್ಕ, ಮೊದಲು ಹೊಡೆಯೋದನ್ನು ನಿಲ್ಲಿಸಿ. ಎಣ್ಣೆ ಒಳಗೆ ಹೊತ್ತಿಕೊಳ್ಳುತ್ತಿದೆ. ಎಷ್ಟು ಎಣ್ಣೆ ಉರಿಯಿತೋ ಅದರ ಮೇಲೆ ಪೆಲೆಟ್ಟಿನ ವೇಗ. ಅದಕ್ಕೇ ಏಟುಗಳು ಮೇಲೆ ಕೆಳಗೆ.

ನಾನು ಹೊಡೆಯುವುದು ಮ್ಯಾಚ್ ರೈಫಲ್, ಅಂದರೆ ಸ್ಪರ್ಧೆಯ ಏರ್ ರೈಫಲ್. ಅದರಲ್ಲಿ ಸ್ಪ್ರಿಂಗ್ ಇಲ್ಲ, ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿರುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಇದೇ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ. ಅಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ವೇಗ ಒಂದೇ ಸಮ ಇಲ್ಲದ ಗನ್ನಿನಲ್ಲಿ ಕಲಿತರೆ ತಪ್ಪು ತನ್ನದೋ ಗನ್ನಿನದೋ ಅಂತ ಮಗುವಿಗೆ ಗೊತ್ತೇ ಆಗಲ್ಲ. ಕನ್ನಡಕ ಹಾಕದೆ ಮಾತ್ರ ಹೊಡೆಸಬೇಡಿ. ಸೀಸದ ಚೂರು ಹಲಗೆಗೆ ಬಡಿದು ವಾಪಸ್ ಹಾರುತ್ತದೆ. ಎಣ್ಣೆ ವಿಷಯ ಸ್ಪ್ರಿಂಗ್ ಗನ್ ಬಿಚ್ಚಿ ನೋಡಿದವರು ಹೇಳಲಿ.

ಮದ್ದೂರು ಪಂಪ್‌ಸೆಟ್ ಮೆಕ್ಯಾನಿಕ್

ತಂಗಿ, ನನ್ನದು ಪಂಪ್‌ಸೆಟ್, ಟಿಲ್ಲರ್ ರಿಪೇರಿ. ಜಾತ್ರೆಯಲ್ಲಿ ಬಲೂನಿಗೆ ಗುರಿ ಹೊಡೆಸುವ ಅಂಗಡಿಯವರ ಗನ್ನುಗಳೂ ನನ್ನ ಹತ್ತಿರವೇ ಬರುತ್ತವೆ. ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಒಂದು ಗನ್ನು ಸಂಜೆಗೆ ನೂರಾರು ಏಟು ಹೊಡೆಯುತ್ತದೆ. ಎಣ್ಣೆ ತಪ್ಪು ಹಾಕಿದ್ದರೆ ವಾರದೊಳಗೆ ನನ್ನ ಬೆಂಚಿನ ಮೇಲೆ ಇರುತ್ತದೆ.

ನಿಮ್ಮ ತಂದೆ ಸ್ಟೌವಿಗೆ ಮಾಡುತ್ತಿದ್ದುದು ಸರಿಯೇ. ಅಲ್ಲಿ ಕೈಯಲ್ಲಿ ನಿಧಾನಕ್ಕೆ ಒತ್ತುತ್ತೇವೆ. ಇಲ್ಲಿ ಸ್ಪ್ರಿಂಗು ಗಾಳಿ ಒತ್ತುವ ಪಿಸ್ಟನ್ನನ್ನು ಕಣ್ಣು ಮಿಟುಕಿಸುವುದರೊಳಗೆ ತಳ್ಳುತ್ತದೆ. ಸೈಕಲ್ಲಿಗೆ ಜೋರಾಗಿ ಗಾಳಿ ಹೊಡೆದರೆ ಪಂಪಿನ ತಳ ಕೈಗೆ ಚುರ್ ಅನ್ನುತ್ತದಲ್ವಾ? ಅದೇ ಬಿಸಿ, ಆದರೆ ಇಲ್ಲಿ ಹಲವು ನೂರು ಡಿಗ್ರಿಗೆ ಹೋಗುತ್ತದೆ. ಗದ್ದೆಯ ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಿದ ಗಾಳಿಯ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ನಿಮ್ಮ ಗನ್ನೂ ಈಗ ಹಾಗೇ ಓಡುತ್ತಿದೆ, ಅದಕ್ಕೇ ಇದನ್ನು ಡೀಸಲಿಂಗ್ ಅಂತಾರೆ. ಹೊಸ ಎಣ್ಣೆ ಬಿಟ್ಟ ಮೇಲೆ ನಾಲ್ಕೈದು ಏಟು ತೆಳ್ಳಗೆ ಹೊಗೆ ಬಂದರೆ ಭಯ ಬೇಡ. ಪಟಾಕಿ ಸದ್ದು ಮಾತ್ರ ಬರಲೇಬಾರದು. ಆ ಹೊಡೆತ ಪಿಸ್ಟನ್ನನ್ನು ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ನಿನ ತುದಿಯಲ್ಲಿ ಗಾಳಿ ಸೋರದಂತೆ ತಡೆಯುವ ವಾಷರಿನ ಅಂಚು ಸುಡುತ್ತದೆ, ಸ್ಪ್ರಿಂಗ್ ಮುರಿಯುತ್ತದೆ.

ಕೊಬ್ಬರಿ ಎಣ್ಣೆಗೆ ಇನ್ನೊಂದು ಕಾಟ ಇದೆ. ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ. ಧನುರ್ಮಾಸದ ಬೆಳಿಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟಿದ್ದು ನೋಡಿರುತ್ತೀರಿ. ಗನ್ನಿನೊಳಗೂ ಅಷ್ಟೇ.

ಒಂದೇ ಎಣ್ಣೆ ಗನ್ನಿನ ಎಲ್ಲಾ ಕಡೆಗೂ ಆಗುವುದಿಲ್ಲ. ಗಾಳಿ ಒತ್ತುವ ಕಡೆ, ಅಂದರೆ ವಾಷರಿಗೆ, ಶುದ್ಧ ಸಿಲಿಕೋನ್ ಎಣ್ಣೆ. ಅದು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಟ್ರೆಡ್‌ಮಿಲ್ ಬೆಲ್ಟಿಗೆ ಹಾಕುವ ಎಣ್ಣೆಯ ಬಾಟಲಿ ಸಿಗುತ್ತದೆ, ಬೇರೇನೂ ಬೆರೆಸದ ಸಿಲಿಕೋನ್ ಅಂತ ಬರೆದಿರಬೇಕು. ಸ್ಪ್ರೇ ಡಬ್ಬಿ ಬೇಡ, ಅದರ ಗ್ಯಾಸೇ ಹೊತ್ತಿಕೊಳ್ಳುತ್ತದೆ. ಡಬ್ಲ್ಯುಡಿ-40 ಪೆಟ್ರೋಲಿಯಂ ಜಾತಿ, ಆ ತೂತಿನ ಹತ್ತಿರವೂ ತರಬೇಡಿ.

ಸ್ಪ್ರಿಂಗಿಗೆ ಸಿಲಿಕೋನ್ ಪ್ರಯೋಜನವಿಲ್ಲ. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕಡೆ ಅದು ನಿಲ್ಲುವುದಿಲ್ಲ. ಅಲ್ಲಿಗೆ ಮಾಲಿಬ್ಡಿನಂ ಇರುವ ಕಪ್ಪು ಗ್ರೀಸ್, ಕಾರಿನ ಚಕ್ರ ತಿರುಗಿಸುವ ಆಕ್ಸಲಿನ ಕೀಲಿಗೆ (ಸಿವಿ ಜಾಯಿಂಟ್) ತುಂಬುತ್ತಾರಲ್ಲ, ಅದು. ಕಣ್ಣಿಗೆ ಕಾಡಿಗೆ ಹಚ್ಚುವಷ್ಟೇ ಸವರಬೇಕು. ಜಾಸ್ತಿಯಾದರೆ ಮುಂದಕ್ಕೆ ಸಿಡಿದು ಅದೂ ಸುಡುತ್ತದೆ. ನಳಿಗೆ ಮಡಿಯುವ ಕೀಲಿಗೆ ಹೊಲಿಗೆ ಮಿಷನ್ ಎಣ್ಣೆ ಒಂದು ತೊಟ್ಟು ಸಾಕು. ಅಂಗಡಿಯವರು ಹೇಳಿದ್ದು ಆ ಜಾಗಕ್ಕೆ ಸರಿ.

ನಿಮ್ಮದು ಹಳೇ ಗನ್ನಾದ್ದರಿಂದ ವಾಷರ್ ಚರ್ಮದ್ದೇ ಇರಬೇಕು. ಚರ್ಮ ಒಣಗಿದರೆ ಕುಗ್ಗುತ್ತದೆ, ಗಾಳಿ ಪಕ್ಕದಲ್ಲಿ ಸೋರುತ್ತದೆ. ಪೆಲೆಟ್ ರಟ್ಟಿಗೆ ತಾಗಿ ಬಿದ್ದಿದ್ದು ಅದಕ್ಕೇ. ಚರ್ಮಕ್ಕೆ ಎಣ್ಣೆ ಬೇಕೇ ಬೇಕು. ಈಗಿನ ಪ್ಲಾಸ್ಟಿಕ್ ಸೀಲಿನ ಗನ್ನುಗಳಿಗೆ ಹಾಗಲ್ಲ, ವರ್ಷಕ್ಕೆ ಒಂದೆರಡು ತೊಟ್ಟು ಹಾಕಿದರೂ ಜಾಸ್ತಿಯೇ.

ಸರಸ್ವತಿಪುರಂ ಅಮ್ಮ

ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಹಾಗಾದರೆ ಒಳಗಿರುವ ಕೊಬ್ಬರಿ ಎಣ್ಣೆ ತೆಗೆಯೋದು ಹೇಗೆ? ನಮ್ಮ ಮನೆಯವರು ವಿಡಿಯೋ ನೋಡಿ ತಾವೇ ಬಿಚ್ಚುತ್ತೀನಿ ಅಂತಿದ್ದಾರೆ.

ಮದ್ದೂರು ಪಂಪ್‌ಸೆಟ್ ಮೆಕ್ಯಾನಿಕ್

ಬೇಡ ತಂಗಿ, ಖಂಡಿತ ಬೇಡ. ಸ್ಪ್ರಿಂಗು ಹೊಡೆಯದೆ ಸುಮ್ನೆ ಇದ್ದಾಗಲೂ ಒತ್ತಿಟ್ಟೇ ಇರುತ್ತದೆ. ಹಿಂದಿನ ಪಿನ್ನು ತೆಗೆದ ಕೂಡಲೇ ಎದೆಗೋ ಮುಖಕ್ಕೋ ಹಾರುತ್ತದೆ. ಅದನ್ನು ಬಿಗಿಹಿಡಿದು ನಿಧಾನಕ್ಕೆ ಸಡಿಲಿಸುವ ಕ್ಲ್ಯಾಂಪು ಬೇಕು. ನನ್ನ ಹತ್ತಿರ ಇದೆ. ಭಾನುವಾರ ಮದ್ದೂರಿಗೆ ತನ್ನಿ, ಮಗಳನ್ನೂ ಕರೆತನ್ನಿ.

ಸರಸ್ವತಿಪುರಂ ಅಮ್ಮ

ಭಾನುವಾರ ಹೋಗಿ ಬಂದೆವು. ಮುಂದೆ ಯಾರಿಗಾದರೂ ಬೇಕಾಗಬಹುದು ಅಂತ ನೋಡಿದ್ದನ್ನು ಬರೆಯುತ್ತಿದ್ದೇನೆ.

ಅಣ್ಣ ಕ್ಲ್ಯಾಂಪಿಗೆ ಕಟ್ಟಿ ಬಿಚ್ಚಿದರು. ಪಿಸ್ಟನ್ನಿನ ತುದಿಯಲ್ಲಿ ಪುಟ್ಟ ಬಟ್ಟಲಿನ ಹಾಗೆ ಚರ್ಮದ ವಾಷರ್. ಒಂದು ಕಡೆ ಅಂಚು ಸುಟ್ಟು ಇದ್ದಿಲಾಗಿತ್ತು, ಇನ್ನೊಂದು ಕಡೆ ಉಗುರು ತಾಗಿಸಿದರೆ ಹಪ್ಪಳದ ಹಾಗೆ ಮುರಿಯಿತು. ಕೊಳವೆಯ ಗೋಡೆಗೆ ಕಂದು ಜಿಡ್ಡು ಮೆತ್ತಿಕೊಂಡಿತ್ತು. ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಮೂರು ಸಲ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಪೂರ್ತಿ ಒಣಗಿಸಿದರು. ಸೀಮೆಎಣ್ಣೆ ವಾಸನೆ ಇರುವವರೆಗೂ ಜೋಡಿಸಬಾರದಂತೆ, ಅದೂ ಹೊತ್ತಿಕೊಳ್ಳುತ್ತದೆ.

ಹೊಸ ವಾಷರ್ ಅವರೇ ಮಾಡಿಟ್ಟಿದ್ದರು. ದಪ್ಪ ಚರ್ಮವನ್ನು ದುಂಡಗೆ ಕತ್ತರಿಸಿ, ನೀರಲ್ಲಿ ನೆನೆಸಿ, ಅಚ್ಚಿಗೆ ಒತ್ತಿ ಎರಡು ದಿನ ಒಣಗಿಸುವುದು. ಆಮೇಲೆ ರಾತ್ರಿಯಿಡೀ ಸಿಲಿಕೋನ್ ಎಣ್ಣೆಯಲ್ಲಿ ಮುಳುಗಿಸುವುದು. ಹಾಕುವ ಮುಂಚೆ ಮಗಳ ಕೈಗೆ ಕೊಟ್ಟು ಹಿಂಡಲು ಹೇಳಿದರು. "ಬೆರಳಿಗೆ ಹಸಿ ಅನ್ನಿಸಬೇಕು, ತೊಟ್ಟಿಕ್ಕಬಾರದು, ಅದೇ ಅಳತೆ ಮಗಾ" ಅಂದರು. ಅವಳೇ ಹಿಂಡಿ, ಒರೆಸಿ, ಕೂರಿಸಿದಳು.

ಮೊದಲ ನಾಲ್ಕು ಏಟಿಗೆ ಸ್ವಲ್ಪ ಹೊಗೆ ಬಂತು. ಐದನೆಯದರಿಂದ ಬರೀ ಟಪ್ ಎನ್ನುವ ಸದ್ದು. ಹತ್ತು ಮೀಟರಿಂದ ಅವಳು ಹೊಡೆದ ಕೊನೆಯ ಐದು ಏಟುಗಳನ್ನು ಹತ್ತು ರೂಪಾಯಿ ನಾಣ್ಯ ಮುಚ್ಚುತ್ತದೆ. ಆ ರಟ್ಟು ಈಗ ಅಪ್ಪನ ಫೋಟೋ ಪಕ್ಕದಲ್ಲಿದೆ.

ಇನ್ನೊಂದು ಕೇಳೋದು ಮರೆತೆ ಅಣ್ಣ. ಮತ್ತೆ ಎಣ್ಣೆ ಯಾವಾಗ?

ಮದ್ದೂರು ಪಂಪ್‌ಸೆಟ್ ಮೆಕ್ಯಾನಿಕ್

ತಿಂಗಳು ಲೆಕ್ಕ ಬೇಡ ತಂಗಿ. ಏಟು ಮೆತ್ತಗಾಯಿತು ಅನ್ನಿಸಿದಾಗ ಹಾಕಿ. ಗನ್ನು ಖಾಲಿ ಇದೆ, ಕಾಕ್ ಆಗಿಲ್ಲ (ಸ್ಪ್ರಿಂಗು ಹೊಡೆಯಲು ಎಳೆದು ನಿಂತಿಲ್ಲ) ಅಂತ ಎರಡು ಸಲ ನೋಡಿ. ಹಿಡಿಯ ಕಡೆ ಕೆಳಗೆ ಮಾಡಿ ನಿಲ್ಲಿಸಿ, ನಳಿಗೆಯನ್ನು ತೂತು ಕಾಣುವಷ್ಟು ಮಾತ್ರ ಮಡಿಸಿ, ನಾಲ್ಕು ತೊಟ್ಟು ಬಿಟ್ಟು ರಾತ್ರಿಯಿಡೀ ಹಾಗೇ ಬಿಡಿ. ಎಣ್ಣೆ ತಾನೇ ಚರ್ಮಕ್ಕೆ ಇಳಿಯುತ್ತದೆ. ಬೆಳಿಗ್ಗೆ ನಳಿಗೆಯೊಳಗೆ ಹಳೇ ಬನಿಯನ್ ಬಟ್ಟೆ ಎಳೆದು ಒಣಗಿಸಿ, ಆಮೇಲೆ ಹೊಡೆಯಲಿ. ಪೆಲೆಟ್ ಹಾಕುವಾಗ ಒಂದು ಕೈ ನಳಿಗೆಯನ್ನು ಬಿಗಿಯಾಗಿ ಹಿಡಿದಿರಲಿ, ಟ್ರಿಗರ್ ಹತ್ತಿರ ಬೆರಳು ಬೇಡ ಅಂತ ಮಗುವಿಗೆ ಹೇಳಿದ್ದೀನಿ, ನೀವೂ ನೋಡಿಕೊಳ್ಳಿ.