ಗೇರ್ ರಾಡ್ ಮೇಲೆ ಕೈ ಇಟ್ಟೇ ಓಡಿಸಿದರೆ ಗೇರ್‌ಬಾಕ್ಸ್ ಸವೆಯುತ್ತಾ?

ಭೀಮಸಮುದ್ರ ಪಿಕಪ್:
ಎಲ್ಲರಿಗೂ ನಮಸ್ಕಾರ. ಭೀಮಸಮುದ್ರದಿಂದ ಅಡಿಕೆ ಚೀಲ ಹೇರಿಕೊಂಡು ಚಿತ್ರದುರ್ಗ, ದಾವಣಗೆರೆ ಓಡಾಡುವ ಪಿಕಪ್ ನನ್ನದು. ಐದು ಗೇರಿನ ಗಾಡಿ, 1,40,000 ಕಿ.ಮೀ. ಆಗಿದೆ. ಎರಡು ತಿಂಗಳಿಂದ ಮೂರನೇ ಗೇರಿನಲ್ಲಿ ಇಳಿಜಾರಿಗೆ ಬಂದು ಆಕ್ಸಿಲರೇಟರ್ ಬಿಟ್ಟರೆ ಸಾಕು, ತಾನಾಗಿ ನ್ಯೂಟ್ರಲ್‌ಗೆ ಜಾರುತ್ತೆ. ಮೊನ್ನೆ ಲೋಡ್ ಇದ್ದಾಗಲೇ ಜಾರಿತು, ಎದುರಿಗೆ ಬಸ್. ಬ್ರೇಕಿನಲ್ಲೇ ಹಿಡಿದು ನಿಲ್ಲಿಸಿದೆ, ಕೈಕಾಲು ನಡುಗಿಬಿಟ್ಟವು. "ಎಡಗೈ ಸದಾ ಗೇರ್ ಮೇಲೆ ಇಡ್ತೀಯಲ್ಲ, ಅದಕ್ಕೇ" ಅಂದರು ಒಬ್ಬರು. ಇಡುವುದು ನಿಜ, ನಾಬ್ ಮೇಲಿನ ನಂಬರೆಲ್ಲ ಅಳಿಸಿ ನುಣ್ಣಗಾಗಿದೆ. ಬರೀ ಕೈ ಭಾರಕ್ಕೆ ಒಳಗಿನ ಕಬ್ಬಿಣ ಸವೆಯುತ್ತಾ?

ಹೊಳಲ್ಕೆರೆ ರೋಡ್:
ನಾನು 15 ವರ್ಷದಿಂದ ಕೈ ಇಟ್ಟೇ ಓಡಿಸ್ತಿದ್ದೀನಿ, ಏನೂ ಆಗಿಲ್ಲ. ಗೇರ್ ಆಯಿಲ್ ನೋಡಿಸಿ.

ದಾವಣಗೆರೆ ಮೇಸ್ತ್ರಿ:
ಅಣ್ಣ, ಕೈ ಭಾರ ಅಂತ ಹಗುರ ಮಾಡಬ್ಯಾಡ್ರಿ. ರಾಡ್ ಕೆಳಗ ಫೋರ್ಕ್ ಅಂತ ಐತಿ, ಅದು ತಿರುಗಂಗಿಲ್ಲ. ಅದರ ಎರಡು ಕಾಲು ಸ್ಲೀವ್, ಅಂದ್ರ ಗೇರನ್ನ ಶಾಫ್ಟಿಗೆ ಕಚ್ಚಿಸೋ ಬಳೆ, ಅದರ ತೋಡಿನೊಳಗ ಕೂತಿರ್ತಾವು, ಸ್ಲೀವ್ ಶಾಫ್ಟ್ ಜೊತಿ ಗರಗರ ತಿರುಗ್ತಿರ್ತತಿ. ಗೇರ್ ಬಿದ್ದ ಮ್ಯಾಲೆ ಕೈ ತೆಗದ್ರ ಫೋರ್ಕ್ ಆರಾಮ ಇರ್ತತಿ. ಇಟ್ಕೊಂಡ್ರ ತೋಡಿನ ಒಂದು ಗೋಡೆಗೆ ಒತ್ತಿ ಉಜ್ಜತತಿ. ಒಂದಿನದಾಗ ಏನೂ ಆಗಂಗಿಲ್ಲ, ವರ್ಷಗಟ್ಲೆ ಆದ್ರ ತೇದ ಗಂಧದ ಕೊರಡಿನಂಗ ಒಂದೇ ಮಗ್ಗಲು ಸವೀತತಿ. ಸವೆದ ಫೋರ್ಕ್ ಸ್ಲೀವನ್ನ ಪೂರ್ತಿ ತಳ್ಳಂಗಿಲ್ಲ, ಹಲ್ಲು ಅರ್ಧ ಮಾತ್ರ ಕಚ್ಚತಾವು. ಆಕ್ಸಿಲರೇಟರ್ ಬಿಟ್ಟಾಗ ಎಳೆತ ತಿರುಗಿ ಬೀಳ್ತತಲ್ಲ, ಆಗ ಜಾರತತಿ.

ಆದ್ರ ಕೈ ಒಂದೇ ಕಾರಣ ಅನ್ನಂಗಿಲ್ಲ. ಕ್ಲಚ್ ಅರ್ಧ ತುಳಿದು ಗೇರ್ ಜಗ್ಗೋರ ಗಾಡಿಯಾಗ ಸಿಂಕ್ರೊ ರಿಂಗ್, ಅಂದ್ರ ಗೇರ್ ಬೀಳೋ ಮುಂಚೆ ವೇಗ ಸಮ ಮಾಡೋ ರಿಂಗ್, ಹೋಗಿರ್ತತಿ, ಹಲ್ಲಿನ ತುದಿ ದುಂಡಗಾಗಿರ್ತತಿ. ಅವೂ ಜಾರತಾವು. ಅದಕ್ಕ ಮೊದಲು ರಾಡನ್ನ ಬಾಕ್ಸಿಗೆ ಜೋಡಿಸೋ ಹೊರಗಿನ ಲಿಂಕೇಜ್ ಬುಷ್, ಗೇರ್‌ಬಾಕ್ಸ್ ಹಿಡಿದಿರೋ ಮೌಂಟಿಂಗ್ ನೋಡಿಸ್ರಿ. ಅಷ್ಟಕ್ಕೇ ಸರಿಹೋದ್ರ ಬಾಕ್ಸ್ ಬಿಚ್ಚೋ ಖರ್ಚು ಉಳೀತು. ಅಲ್ಲೀ ತನಕ ಲೋಡ್ ಹಾಕಬ್ಯಾಡ್ರಿ, ಕೈ ಮುಗಿದು ಹೇಳ್ತೀನಿ.

ಕಾರ್ ಕಲಿಯುತ್ತಿರುವವಳು:
ಮೇಸ್ತ್ರಿಯವರೇ, ರಿವರ್ಸ್ ಹಾಕುವಾಗ ನನ್ನ ಕಾರು ಕರ್ರ್ ಅನ್ನುತ್ತೆ. ಅದೂ ಸವೆತವೇ?

ದಾವಣಗೆರೆ ಮೇಸ್ತ್ರಿ:
ಎಷ್ಟೋ ಕಾರಿನಾಗ ರಿವರ್ಸಿಗೆ ಸಿಂಕ್ರೊ ಇರಂಗಿಲ್ಲ ತಂಗಿ. ಗಾಡಿ ಪೂರ್ತಿ ನಿಲ್ಲಲಿ, ಕ್ಲಚ್ ತುಳಿದು ಎರಡು ಮೂರು ಸೆಕೆಂಡ್ ಕಾಯ್ರಿ. ಆಗಲೂ ಕರ್ ಅಂದ್ರ ಫಸ್ಟ್ ಗೇರ್ ಹಾಕಿ ತೆಗೆದು ರಿವರ್ಸ್ ಹಾಕ್ರಿ. ಹಂಗೂ ನಿಲ್ಲದಿದ್ರ ಕ್ಲಚ್ ಪೂರ್ತಿ ಬಿಡ್ತಾ ಇಲ್ಲ, ತೋರಿಸ್ರಿ.

ಭೀಮಸಮುದ್ರ ಪಿಕಪ್:
ಒಂಬತ್ತು ದಿನ ಆಯ್ತು, ಬಂದು ಹೇಳಲೇಬೇಕು ಅನ್ನಿಸಿತು. ಬುಷ್ ಬದಲಿಸಿದರೂ ಜಾರುವುದು ನಿಲ್ಲಲಿಲ್ಲ, ಬಾಕ್ಸ್ ಬಿಚ್ಚಿಸಿದೆ. ಹಳೇ ಆಯಿಲಿನಲ್ಲಿ ಹಿತ್ತಾಳೆ ಪುಡಿ ಬಂಗಾರದ ಹಾಗೆ ಮಿನುಗುತ್ತಿತ್ತು. ಮೂರು–ನಾಲ್ಕನೇ ಗೇರಿನ ಫೋರ್ಕ್ ಕೈಗೆ ಕೊಟ್ಟರು. ಒಂದು ಮಗ್ಗಲು ಕಪ್ಪಗೆ ದಪ್ಪ, ಇನ್ನೊಂದು ಕನ್ನಡಿಯಂತೆ ಹೊಳಪು, ಉಗುರಿನಷ್ಟು ತೆಳು. ಫೋರ್ಕ್, ಸ್ಲೀವ್, ರಿಂಗ್ ಎಲ್ಲಾ ಹೊಸದು. ನಿನ್ನೆ ಲೋಡ್ ಸಮೇತ ಅದೇ ಇಳಿಜಾರಿನಲ್ಲಿ ಇಳಿದೆ, ಮೂರನೇ ಗೇರ್ ಅಲುಗಲಿಲ್ಲ. ಎಡಗೈ ಈಗಲೂ ತಾನಾಗಿಯೇ ಆ ಕಡೆ ಹೋಗುತ್ತೆ ಮೇಸ್ತ್ರಿ, ತೆಗೆದು ಸ್ಟೇರಿಂಗ್ ಮೇಲೆ ಇಡ್ತಿದ್ದೀನಿ.